ಸಿಹಿನೀರಿನ ಹಾಳೆ

ಸಮುದ್ರವೆಂದರೆ ನಕಾಶೆಯ ನೀಲಿ ಬಣ್ಣ ಎಂದಷ್ಟೇ ತಿಳಿದ ನಮ್ಮ ಬೀದರ ಜಿಲ್ಲೆಯಲ್ಲಿ ಕುಳಿತು, ಕಡಲಪಾಚಿ ಮತ್ತು ಕಡಲಹುಲ್ಲುಗಳ ಅಧ್ಯಯನಕ್ಕೆ ಇಡೀ ಸೇವಾವಧಿಯನ್ನು ಮುಡಿಪಾಗಿಟ್ಟವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಗೋರಖನಾಥ ಅವರು. ಈ ಹಟವನ್ನು ಕಂಡು ನಕ್ಕವರು ಕಡಿಮೆಯೇನಲ್ಲ. ಬೀದರಿನ ಚಿದ್ರಿಯಲ್ಲಿ ಅವರ ನೆರೆಮನೆಯ ಫಕ್ರೋದ್ದೀನ ಸಾಹೇಬರು, “ಮಾಸ್ತರ್ ಸಾಬ್, ನಿಮ್ಮ ಸಮುದ್ರ ಎಲ್ಲಿ ಅದರಿ? ನಮ್ಮ ಬೋರಿನಾಗಂತೂ ಇಲ್ರಿ” ಎಂದು ಇಂದಿಗೂ ಕೆಣಕುತ್ತಾರೆ. ಗೋರಖನಾಥರೂ ಜೊತೆಗೆ ನಗುತ್ತಾರೆ. ಈ ವರ್ಷ ಮಾತ್ರ ಅವರು ನಗಲಿಲ್ಲ.

ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಹುಟ್ಟಿದ ಅವರು ಮೂವತ್ತೊಂದು ವರ್ಷಗಳ ಹಿಂದೆ ಔರಾದದ ಕಾಲೇಜಿನಲ್ಲಿ ಸೇವೆಗೆ ಸೇರಿದರು. ಸೇರಿದ ವರ್ಷವೇ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾರವಾರದ ದಕ್ಷಿಣಕ್ಕಿರುವ ಒಂದು ಬಂಡೆಗಳ ದಡಕ್ಕೆ ಹೋದರು. ಅಲ್ಲಿಂದ ಮುಂದೆ ಪ್ರತಿ ಜನವರಿಯಲ್ಲೂ ಅದೇ ದಡ, ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಅದೇ ಬಂಡೆ. ಬಂಡೆಯ ಹೊಂಡದ ನೀರಿನ ಬಿಸಿ ಅಳೆಯುವುದು, ಅಲ್ಲಿ ಬೆಳೆಯುವ ತೆಳ್ಳನೆಯ ಕೆಂಪು ಪಾಚಿಯ ಒಂದು ಗಿಡವನ್ನು ತಟ್ಟೆಯ ನೀರಿನಲ್ಲಿ ತೇಲಿಸಿ, ಅಡಿಯಿಂದ ದಪ್ಪ ಹಾಳೆ ಜಾರಿಸಿ ಎತ್ತಿ, ಮೇಲೆ ಮೆತ್ತನೆಯ ಬಟ್ಟೆ ಹೊದಿಸಿ ಒತ್ತಿಡುವುದು; ಇಷ್ಟೇ ಅವರ ವ್ರತ. ಆ ಬಟ್ಟೆ ಅವರ ತಾಯಿ ಶೇವಂತಾಬಾಯಿಯವರ ಹಳೆಯ ಸೀರೆಯದು. ಮಗನ ಕೆಲಸ ಏನೆಂದು ಆ ತಾಯಿಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ, ಆದರೆ ಸೀರೆ ಹರಿದುಕೊಡುವುದನ್ನು ಒಂದು ವರ್ಷವೂ ಮರೆಯಲಿಲ್ಲ.

ಭಾಲ್ಕಿಗೆ ವರ್ಗವಾಗಿ ಬಂದ ಮರುವರ್ಷದ ಪ್ರವಾಸವನ್ನು ಇಲ್ಲಿ ನೆನೆಯಲೇಬೇಕು. ಆ ತಂಡದಲ್ಲಿದ್ದ ವಿಶಾಖಾ ಎಂಬ ವಿದ್ಯಾರ್ಥಿನಿ, ಮನೆಯಲ್ಲಿ ಪುಂಡಿಪಲ್ಯದ ಸೊಪ್ಪನ್ನು ಸ್ವಚ್ಛ ಮಾಡಿದಂತೆಯೇ, ಉಪ್ಪು ಮರಳು ಹೋಗಲೆಂದು ಕೆಂಪು ಪಾಚಿಯನ್ನೆಲ್ಲ ಲಾಡ್ಜಿನ ಬಕೇಟಿನ ಸಿಹಿನೀರಿನಲ್ಲಿ ತಿಕ್ಕಿ ತೊಳೆದು ನೆನೆಯಿಟ್ಟಳು. ಕಡಲಿನ ಗಿಡ ಸಿಹಿನೀರನ್ನು ತಾಳದು ಎಂಬುದು ಬಯಲುಸೀಮೆಯ ಹುಡುಗಿಗೆ ಹೇಗೆ ಹೊಳೆಯಬೇಕು? ಬೆಳಿಗ್ಗೆ ನೋಡಿದರೆ ನೀರು ಗುಲಾಬಿ, ಗಿಡ ಬಿಳಿ. ಹುಡುಗಿ ಅಳತೊಡಗಿದಳು. ಒಂದು ವರ್ಷದ ಮಾದರಿ ಹಾಳಾಗಿತ್ತು, ಮರಳಿ ಹೋಗಲು ಬಂಡೆ ತೆರೆದುಕೊಳ್ಳುವಂಥ ದೊಡ್ಡ ಇಳಿತದ ದಿನಗಳೂ ಮುಗಿದಿದ್ದವು.

ಗೋರಖನಾಥರು ಒಂದು ಗಡುಸಾದ ಮಾತನ್ನೂ ಆಡಲಿಲ್ಲ. “ಅಳಬ್ಯಾಡ ತಂಗಿ, ಇದೂ ಒಂದು ಹಾಳಿ ಆಗ್ತದ. ಏನಾತು ಅದನ್ನ ಬರಿ, ಮುಚ್ಚಿ ಇಡಬ್ಯಾಡ” ಎಂದರು. ಬಿಳಿಚಿದ ಗಿಡವನ್ನೇ ಒತ್ತಿ, ಕೆಳಗಿನ ಚೀಟಿಯಲ್ಲಿ ‘ಸಿಹಿನೀರಿನಲ್ಲಿ ಇಟ್ಟದ್ದರಿಂದ ಬಣ್ಣ ಹೋಗಿದೆ’ ಎಂದು ಅವಳ ಕೈಯಿಂದಲೇ ಬರೆಸಿದರು. ಮುಂದೆ ಪ್ರತಿ ತಂಡಕ್ಕೂ ಪ್ರವಾಸದ ಮೊದಲ ಪಾಠ ಆ ಹಾಳೆಯೇ ಆಯಿತು. ಕಾಲ ಕಳೆದು ಅವರು ಬೀದರಿನ ಕಾಲೇಜಿಗೆ ವರ್ಗವಾಗಿ, ವಿಶಾಖಾ ಅಲ್ಲಿ ಅವರದೇ ವಿಭಾಗದ ಉಪನ್ಯಾಸಕಿಯಾಗಿ ಬಂದ ಮೇಲೂ ಅವರು ಆ ಪಾಠ ನಿಲ್ಲಿಸಲಿಲ್ಲ. ಈಕೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ನಗುತ್ತ ಕೂರುತ್ತಿದ್ದಳು.

ಬೀದರಿನ ಈ ಹದಿನೈದು ವರ್ಷಗಳಲ್ಲಿ ಹೊಂಡದ ನೀರು ಬಿಸಿಯಾಗುತ್ತ ಬಂದದ್ದು ಅವರ ವಹಿಯಲ್ಲಿ ದಾಖಲಾಗಿದೆ. ಒಂದು ಹೊಂಡದ ಲೆಕ್ಕ ಇಡೀ ಸಾಗರದ ಲೆಕ್ಕವಾಗದೆಂದು ಅವರೇ ಎಚ್ಚರಿಸುತ್ತಿದ್ದರು. ಆದರೂ ಬಿಸಿಗೆ ಓಡಿಹೋಗಲು ಕಾಲಿಲ್ಲದ ಈ ಜೀವಗಳು ಹೇಗೆ ಹೆಣಗುತ್ತವೆ ಎಂಬುದನ್ನು ಅವರ ಬಾಯಲ್ಲೇ ಕೇಳಬೇಕು. ಕೆಲವು ಪಾಚಿಗಳ ಸಂತತಿ ಬಂಡೆಯ ನೆರಳಿಗೆ, ಇನ್ನೂ ಆಳಕ್ಕೆ ಸರಿಯುತ್ತದೆ. ಕೆಲವು ತಮ್ಮ ಋತುವನ್ನೇ ಮೊಟಕು ಮಾಡಿಕೊಳ್ಳುತ್ತವೆ. ಕಡಲಹುಲ್ಲು ಎಲೆ ಸುಟ್ಟುಹೋದರೂ ಕೆಸರಿನೊಳಗಿನ ಕಾಂಡದಲ್ಲಿ ಕೂಡಿಟ್ಟ ಅನ್ನದಿಂದ ಮತ್ತೆ ಚಿಗುರುತ್ತದೆ. ಆದರೆ ಆ ಕಣಜ ತುಂಬುವ ಮೊದಲೇ ಮುಂದಿನ ಬಿಸಿ ಬಂದರೆ ಅದಕ್ಕೂ ಉಪಾಯವಿಲ್ಲ. ಕೆಂಪು ಪಾಚಿಯೂ ವರ್ಷವರ್ಷಕ್ಕೆ ಕುಗ್ಗುತ್ತ, ಕಡೆಗೆ ಅಂಗೈಯಗಲ ಉಳಿದಿತ್ತು.

ನಿವೃತ್ತಿಗೆ ಮುಂಚೆ ಅದೇ ಬಂಡೆಯಿಂದ ಇನ್ನೊಂದು ಕೆಂಪು ಹಾಳೆ ಮಾಡಬೇಕು, ವರ್ಷವರ್ಷದ ಹಾಳೆಗಳ ಸಾಲನ್ನು ಅದರಿಂದಲೇ ಮುಗಿಸಬೇಕು ಎಂಬುದೊಂದೇ ಅವರ ಆಸೆಯಾಗಿತ್ತು. ಕಳೆದ ಜನವರಿಯಲ್ಲಿ ಹೋದಾಗ ಮೊಣಕಾಲು ನೋವಿನಿಂದ ಅವರು ಮರಳಲ್ಲೇ ಕುಳಿತರು. ಬಕೇಟು ಹಿಡಿದು ಬಂಡೆಗೆ ಹೋದವಳು ವಿಶಾಖಾ. ಹೋದಷ್ಟು ಚುರುಕಾಗಿ ಆಕೆ ಮರಳಲಿಲ್ಲ.

ಅವರು ಬಕೇಟಿನೊಳಗೆ ಇಣುಕಿದರು. ಗಿಡ ಬೆಳ್ಳಗಿತ್ತು. ಅವರಿಗೆ ಅದನ್ನು ನಂಬಲಾಗಲಿಲ್ಲ.

“ವಿಶಾಖಾ, ಬಕೇಟಿನಾಗ ಯಾವ ನೀರು ಹಾಕಿದಿ? ಲಾಡ್ಜಿನ ಸಿಹಿನೀರೇನು?”

ಆಕೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. “ಉಪ್ಪುನೀರೇ ಅದರಿ ಸರ್. ಬಂಡೆ ಮ್ಯಾಲೇ ಹಿಂಗಿತ್ರಿ.”

ಅವರೂ ಬೆರಳದ್ದಿ ನೋಡಿದರು. “ನಿನ್ನ ತಪ್ಪೇ ಆಗಿದ್ರ ಎಷ್ಟ ಛಲೋ ಇತ್ತು ತಂಗಿ” ಎಂದರು. ಯಾರ ತಪ್ಪನ್ನೂ ಎಂದೂ ಎತ್ತಿ ಆಡದ ಆ ಮನುಷ್ಯ ಅಂದು ಒಂದು ತಪ್ಪಿಗಾಗಿ ಹಂಬಲಿಸಿದರು.

ತಾಯಿಯ ಸೀರೆಯ ಕೊನೆಯ ತುಂಡಿನಲ್ಲಿ ಒತ್ತಿದ ಆ ಗಿಡ ಈಗ ಕಾಲೇಜಿನ ಕಪಾಟಿನಲ್ಲಿ ವಿಶಾಖಾಳ ಹಳೆಯ ಹಾಳೆಯ ಪಕ್ಕದಲ್ಲಿದೆ. ಎರಡೂ ಬಿಳಿ. ಹೊಸ ಚೀಟಿಯಲ್ಲಿ ಅವರ ಅಕ್ಷರಗಳಿವೆ: ‘ಕಡಲ ನೀರಿನಲ್ಲೇ ಬಣ್ಣ ಹೋಗಿದೆ’.

ಬೀಳ್ಕೊಡುಗೆಯ ದಿನ ಕಪಾಟಿನ ಕೀಲಿಯೊಡನೆ ಅವರು ವಿಶಾಖಾಳಿಗೆ ಮುಂದಿನ ಜನವರಿಯ ಚೀಟಿಯನ್ನೂ ಕೊಟ್ಟರು. ದಡದ ಹೆಸರು, ಬಂಡೆಯ ಗುರುತು ಎಲ್ಲ ತುಂಬಿದ್ದರು. ಬಣ್ಣದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು. ಆ ಜಾಗದಲ್ಲಿ ‘ಕೆಂಪು’ ಎಂದು ಗೋರಖನಾಥರ ಕೈಯಿಂದಲೇ ಬರೆಸುವ ದಿನ ಬರಲಿ, ಅದು ಎಷ್ಟೇ ತಡವಾಗಲಿ, ಅಲ್ಲಿಯವರೆಗೂ ಅವರ ಕಣ್ಣು ಮಂಜಾಗದೆ, ಕೈ ನಡುಗದೆ ಇರಲಿ ಎಂದು ವಿಭಾಗದ ನಾವೆಲ್ಲರೂ ಹಾರೈಸುತ್ತೇವೆ.