ರೂಬಿಯ ಮೇಲೆ ನಾನು ಹಾಕಿದ ಟಿಕ್ ಮಾರ್ಕ್

೨೦೧೮ರಲ್ಲಿ ನಾನು ಇಂಗ್ಲೆಂಡಿನ ಸೊಲಿಹಲ್‌ನ ಒಂದು ಲಾನ್ ಕೇರ್ ಕಂಪನಿಯಲ್ಲಿ ಟೆಕ್ನೀಷಿಯನ್ ಆಗಿದ್ದೆ. ವ್ಯಾನಿನಲ್ಲಿ ಮನೆಮನೆಗೆ ಹೋಗಿ ಹುಲ್ಲುಹಾಸಿನ ಆರೋಗ್ಯ ನೋಡುವುದು, ಗೊಬ್ಬರ ಹಾಕುವುದು, ಹುಲ್ಲು ಸತ್ತಿದ್ದರೆ ಕಾರಣ ಹುಡುಕಿ ಫಾರ್ಮಿನಲ್ಲಿ ಬರೆಯುವುದು ನನ್ನ ಕೆಲಸ. ಧಾರವಾಡದಲ್ಲಿ ಕೃಷಿ ಬಿಎಸ್‌ಸಿ ಮಾಡಿದವಳು. ಜೋಳ, ಹತ್ತಿ ಓದಿ, ದನವೂ ತಿನ್ನದ ಹುಲ್ಲು ಬೆಳೆಸಲು ಇಷ್ಟು ದೂರ ಬಂದೆ ಎಂದು ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ಗಂಡ ಕಾಲೆಳೆಯುತ್ತಿದ್ದರು. ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಫಾರ್ಮಿನಲ್ಲಿ ನಾನು ಬರೆದದ್ದೇ ಕೊನೆಯ ಮಾತು ಎಂಬ ಜಂಬ ಆಗ ನನಗೆ ಚೆನ್ನಾಗಿಯೇ ಇತ್ತು.

ಇಲ್ಲಿನ ಹವೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಮ್ಯಾಂಚೆಸ್ಟರಿನಷ್ಟು ಮಳೆ ಇಲ್ಲ, ಪೂರ್ವ ತೀರದಷ್ಟು ಒಣಗುವುದೂ ಇಲ್ಲ. ಮಣ್ಣು ಮಾತ್ರ ಜಿಗುಟು ಜೇಡಿ. ಸಾಮಾನ್ಯ ವರ್ಷಗಳಲ್ಲಿ ಮನೆಯವರು ಹುಲ್ಲಿಗೆ ಏನೇ ಅನ್ಯಾಯ ಮಾಡಿದರೂ ಮಳೆ ಬಂದು ಸರಿಮಾಡಿಬಿಡುತ್ತದೆ. ಆ ವರ್ಷದ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಊರಿನ ಹುಲ್ಲೆಲ್ಲ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿ, ನನ್ನ ಫೋನಿಗೆ ಬಿಡುವೇ ಇರಲಿಲ್ಲ.

ಜೂನ್ ಕೊನೆಯಲ್ಲಿ ಡಾ. ರಘುನಂದನ್ ಅವರ ಮನೆಗೆ ಹೋದೆ. ಮೈಸೂರಿನವರು, ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರು. ಅವರ ಮುಂದಿನ ಹುಲ್ಲುಹಾಸಿಗೂ ಪಕ್ಕದ ಮನೆಯ ರಾನ್ ಅವರ ಹುಲ್ಲುಹಾಸಿಗೂ ನಡುವೆ ಬೇಲಿಯಿಲ್ಲ. ರಾನ್ ಕಾರು ಫ್ಯಾಕ್ಟರಿಯಿಂದ ನಿವೃತ್ತರಾದವರು. ಮನೆಯಲ್ಲಿ ಅವರು ಮತ್ತು ರೂಬಿ ಎಂಬ ವಯಸ್ಸಾದ ಹೆಣ್ಣು ಲ್ಯಾಬ್ರಡಾರ್, ಇಬ್ಬರೇ. ಡಾಕ್ಟರ ಹುಲ್ಲಿನಲ್ಲಿ ತಟ್ಟೆಯಗಲದ ಏಳು ಕಂದು ಕಲೆಗಳಿದ್ದವು. ಹೆಣ್ಣು ನಾಯಿ ಒಂದೇ ಕಡೆ ಮೂತ್ರ ಮಾಡುವುದರಿಂದ ಇಂಥ ದುಂಡು ಕಲೆ ಬೀಳುವುದು ನಮ್ಮ ಕೆಲಸದಲ್ಲಿ ದಿನಾ ಕಾಣುವ ಸಂಗತಿ. ಅದು ಆ ದಿನದ ಒಂಬತ್ತನೇ ಮನೆ. ನಿಂತಲ್ಲೇ ನೋಡಿ, "ನಾಯಿ ಮೂತ್ರ" ಎಂಬ ಚೌಕಕ್ಕೆ ಟಿಕ್ ಹಾಕಿ ಹೊರಟೆ.

ಆಗಸ್ಟಿನ ಒಂದು ಮಂಗಳವಾರ ಮರುತಪಾಸಣೆಗೆ ಹೋದಾಗ ಡಾಕ್ಟರು ಕ್ಲಿನಿಕ್ಕಿಗೆ ಹೊರಡುವ ಗಡಿಬಿಡಿಯಲ್ಲಿದ್ದರು.

"ನಿಮ್ಮ ಫಾರ್ಮ್ ರಾನ್‌ಗೆ ತೋರಿಸಿದೆ," ಎಂದರು. "ಪಾಪ, ಜಗಳ ಬೇಡ ಅಂತ ಡರ್ಬಿಯಲ್ಲಿರೋ ಮಗಳ ಮನೆಗೆ ನಾಯೀನ ಕಳಿಸ್ತಿದಾರಂತೆ. ಶನಿವಾರ ಬಂದು ಕರ್ಕೊಂಡು ಹೋಗ್ತಾಳೆ."

ಹುಲ್ಲಿನಲ್ಲಿ ಹೊಸದಾಗಿ ಮೂರು ಕಲೆಗಳಿದ್ದವು. ಆದರೆ ಜೂನ್‌ನಿಂದ ರಾನ್ ನಾಯಿಯನ್ನು ಹಿಂಬಾಗಿಲಿನಿಂದಲೇ ಹೊರಗೆ ಕರೆದೊಯ್ಯುತ್ತಿದ್ದರಂತೆ. ನಾನು ಬಗ್ಗಿ ಕಲೆಗಳ ಅಂಚು ನೋಡಿದೆ. ನಾಯಿಯ ಮೂತ್ರದಲ್ಲಿ ಸಾರಜನಕ ಇರುತ್ತದೆ. ನಡುವಿನ ಹುಲ್ಲು ಸತ್ತರೂ ಸುತ್ತ ಕಡುಹಸಿರಿನ ಉಂಗುರ ಬೆಳೆಯುತ್ತದೆ. ಇಲ್ಲಿ ಒಂದು ಕಲೆಗೂ ಉಂಗುರವಿರಲಿಲ್ಲ. ಕಾಲೇಜಿನ ಹುಡುಗಿಯೂ ಗಮನಿಸಬೇಕಾದ ಗುರುತು, ನಾನು ಗಮನಿಸಿರಲಿಲ್ಲ.

ನಾಚಿಕೆಯಾಯಿತು, ಸಿಟ್ಟೂ ಬಂತು, ಎರಡೂ ನನ್ನ ಮೇಲೆಯೇ. ಶನಿವಾರದೊಳಗೆ ನಿಜವಾದ ಕಾರಣ ಹುಡುಕಿಯೇ ತೀರುತ್ತೇನೆಂದು ಉಳಿದ ಮನೆಗಳನ್ನು ಮರುದಿನಕ್ಕೆ ಹಾಕಿ ಮೊಣಕಾಲೂರಿ ಕುಳಿತೆ.

ಮಣ್ಣಿನ ಮೇಲೆ ತೆಳುವಾಗಿ ಬಿಳಿ ಪದರ ಕಟ್ಟಿತ್ತು. ಕೊಳವೆಯಿಂದ ಮಣ್ಣು ತೆಗೆದು ನೀರಿನಲ್ಲಿ ಕದಡಿ ಇಸಿ ಮೀಟರ್ ಅದ್ದಿದೆ. ಮಣ್ಣಿನಲ್ಲಿ ಲವಣ ಎಷ್ಟಿದೆಯೆಂದು ತೋರಿಸುವ ಸಾಧನ ಅದು. ಹುಲ್ಲು ಹಸಿರಾಗಿದ್ದ ಜಾಗಕ್ಕಿಂತ ಅಂಕಿ ಎಷ್ಟೋ ಪಟ್ಟು ಹೆಚ್ಚಿತ್ತು. ಮ್ಯಾನೇಜರಿಗೆ ಫೋನ್ ಮಾಡಿದರೆ, ರಸ್ತೆಗೆ ಹಾಕಿದ ಉಪ್ಪಿರಬೇಕು ಎಂದರು. ಹಿಮಕ್ಕೆ ಹಾಕುವ ಉಪ್ಪು ಆಗಸ್ಟಿನಲ್ಲಿ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಹತ್ತು ಕಲೆಗಳೂ ಮುಂಬಾಗಿಲ ಮೆಟ್ಟಿಲಿನಿಂದ ಚೊಂಬು ಬೀಸಿದರೆ ನೀರು ಬೀಳುವಷ್ಟೇ ದೂರದಲ್ಲಿದ್ದವು.

ನಾಲ್ಕನೇ ಕಲೆಯ ಮಣ್ಣನ್ನು ಅಂಗೈಯಲ್ಲಿ ಪುಡಿಮಾಡಿದಾಗ ಕರಿ ಸಾಸಿವೆಯ ಐದಾರು ಕಾಳು ಸಿಕ್ಕವು, ಜೊತೆಗೆ ಒಣಮೆಣಸಿನಕಾಯಿಯ ತೊಟ್ಟು. ನಮ್ಮ ಕಂಪನಿಯ ಬೇರೆ ಯಾರೇ ಆಗಿದ್ದರೂ ಕಳೆಬೀಜವೆಂದು ಒರೆಸಿ ಬಿಸಾಡುತ್ತಿದ್ದರು. ನನಗೆ ನನ್ನ ಅಜ್ಜಿ ನೆನಪಾದಳು.

ಡಾಕ್ಟರ ಹೆಂಡತಿ ಶಾರದಾ ಆಂಟಿ ಕಾಫಿ ತಂದರು. ಅಂಗೈ ಚಾಚಿ ತೋರಿಸಿದೆ.

"ಆಂಟಿ, ಮಕ್ಕಳಿಗೆ ದೃಷ್ಟಿ ತೆಗೀತೀರಾ?"

ಗಂಡ ಹೊರಟು ಅರ್ಧ ಗಂಟೆಯಾಗಿದ್ದರೂ ಅವರು ಡ್ರೈವ್‌ವೇ ಕಡೆ ಒಮ್ಮೆ ನೋಡಿದರು.

"ಪ್ರತಿ ಶುಕ್ರವಾರ. ಮಗಳು ಲೆಸ್ಟರಿಂದ ಮಕ್ಕಳನ್ನ ಕರ್ಕೊಂಡು ಬರ್ತಾಳಲ್ಲ. ಮೊದಲು ನಿವಾಳಿಸಿ ಸ್ಟವ್ ಮೇಲೆ ಹಾಕ್ತಿದ್ದೆ. ಸ್ಮೋಕ್ ಅಲಾರ್ಮ್ ಹೊಡ್ಕೊಂಡು ಇವರು ರೇಗಾಡಿದ್ರು. ಆಮೇಲಿಂದ ನೀರಲ್ಲಿ ಕದಡಿ, ಯಾರೂ ತುಳೀದಿರೋ ಕಡೆ ಚೆಲ್ತೀನಿ. ಒಂದೊಂದು ಮಗೂಗೂ ಒಂದೊಂದು ದೊಡ್ಡ ಹಿಡಿ ಉಪ್ಪು. ಮೂರು ವರ್ಷದಿಂದ ಹಾಕ್ತಿದೀನಿ, ಯಾವತ್ತೂ ಹುಲ್ಲು ಸತ್ತಿರ್ಲಿಲ್ಲ ಕಣಮ್ಮ."

"ಇಷ್ಟು ವರ್ಷ ಮಳೆ ತೊಳೀತಿತ್ತು. ಈ ವರ್ಷ ಮಳೆ ಬರ್ಲಿಲ್ಲ, ಉಪ್ಪು ಬೇರಲ್ಲೇ ನಿಂತ್ಕೊಳ್ತು."

ಅವರು ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟರು. "ಇವರಿಗೆ ಗೊತ್ತಾದ್ರೆ ನಾಲ್ಕು ಜನರ ಮುಂದೆ ಆಡ್ಕೊಂಡು ನಗ್ತಾರೆ. ಗೊಬ್ಬರ ಜಾಸ್ತಿ ಆಯ್ತು ಅಂತ ಬರೆದುಬಿಡು."

ಹಾಗೆ ಬರೆದರೆ ನಾಯಿ ಉಳಿಯುತ್ತಿತ್ತು, ಅವರ ಮಾನವೂ ಉಳಿಯುತ್ತಿತ್ತು. ನನಗೆ ಒಪ್ಪಿಗೆಯಾಗಲಿಲ್ಲ.

"ಈ ಹುಲ್ಲಿನ ಮೇಲೆ ಆಗಲೇ ಒಂದು ತಪ್ಪು ಬರೆದಿದೀನಿ ಆಂಟಿ, ಗೊತ್ತಿದ್ದೂ ಇನ್ನೊಂದು ಬರೆಯಲ್ಲ. ಕಾರಣ ಉಪ್ಪು ಅಂತ ಬರೀತೀನಿ. ಯಾರು ಹಾಕಿದ್ದು ಅಂತ ಬರೆಯೋಕೆ ಫಾರ್ಮಿನಲ್ಲಿ ಜಾಗ ಇಲ್ಲ. ಈಗ ರಾನ್ ಹತ್ರ ಹೋಗಿ ಕ್ಷಮೆ ಕೇಳ್ತೀನಿ."

ನಾನು ರಾನ್ ಅವರ ಬಾಗಿಲು ತಟ್ಟುವಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಆಂಟಿ ಸೀರೆಯ ಮೇಲೆ ಗಂಡನ ಜಾಕೆಟ್ ಹಾಕಿಕೊಂಡು ಬಂದಿದ್ದರು. ರಾನ್ ಬಾಗಿಲು ತೆಗೆದರು. ಒಳಗೆ ಹಾಲ್‌ನಲ್ಲಿ ರೂಬಿಯ ಹಾಸಿಗೆಯನ್ನು ಮಡಚಿ ಹಗ್ಗ ಕಟ್ಟಿಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಆಂಟಿ ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮ ರೂಬಿ ಅಲ್ಲ ರಾನ್, ನಾನೇ. ಮೊಮ್ಮಕ್ಕಳಿಗೆ ಕೆಟ್ಟ ಕಣ್ಣು ಬೀಳದಿರಲಿ ಅಂತ ಉಪ್ಪುನೀರು ಚೆಲ್ತಿದ್ದೆ."

ನಂತರ ನನ್ನ ತಪ್ಪನ್ನೂ ಹೇಳಿದೆ. ರಾನ್ ಬೈಯಲಿಲ್ಲ. ಒಳಗೆ ಹೋಗಿ, ಬಗ್ಗಿ, ಹಾಸಿಗೆಗೆ ಕಟ್ಟಿದ್ದ ಹಗ್ಗ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಆಂಟಿ ಹೋಗಿ ಬಿಚ್ಚಿಕೊಟ್ಟರು.

ಡಾಕ್ಟರಿಗೂ ಆಂಟಿಯೇ ಸಂಜೆ ಹೇಳಿದರಂತೆ. ಅವರು ನಗಲಿಲ್ಲವಂತೆ. ತಾವೇ ಹೋಗಿ ರಾನ್ ಹತ್ತಿರ ಕ್ಷಮೆ ಕೇಳಿದರೆಂದು ಆಮೇಲೆ ತಿಳಿಯಿತು.

ಉಳಿದದ್ದು ದುಡಿಮೆ. ಕಲೆಗಳಿಗೆ ಜಿಪ್ಸಮ್ ಹಾಕಿದೆ. ಅದು ಜೇಡಿಮಣ್ಣು ಹಿಡಿದುಕೊಂಡ ಉಪ್ಪನ್ನು ಬಿಡಿಸುತ್ತದೆ. ಮಣ್ಣಿಗೆ ತೂತು ಹೊಡೆದು, ಮೇಲೆ ಚಿಮುಕಿಸದೆ ಆಳಕ್ಕೆ ಇಳಿಯುವಂತೆ ನೀರು ಬಿಟ್ಟೆ. ಸೆಪ್ಟೆಂಬರಿನಲ್ಲಿ, ಮಣ್ಣಿನಲ್ಲಿ ಬಿಸಿ ಇನ್ನೂ ಉಳಿದು ಮಳೆ ಶುರುವಾದಾಗ, ರೈ ಮತ್ತು ಫೆಸ್ಕ್ಯೂ ಹುಲ್ಲಿನ ಬೀಜ ಬಿತ್ತಿದೆ. ಎರಡು ಇಂಚಿಗಿಂತ ಗಿಡ್ಡ ಕತ್ತರಿಸಬೇಡಿ ಎಂದು ಡಾಕ್ಟರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಕಲೆ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು.

ಆ ಕೊನೆಯ ಭೇಟಿ ಒಂದು ಶುಕ್ರವಾರ. ಉಪ್ಪನ್ನು ಈಗ ಕಾಗದದಲ್ಲಿ ಕಟ್ಟಿ ಕಸದ ಬುಟ್ಟಿಗೆ ಹಾಕುತ್ತಿದ್ದ ಆಂಟಿ, ಮೊಮ್ಮಕ್ಕಳಿಗೆ ದೃಷ್ಟಿ ತೆಗೆದಾದ ಮೇಲೆ ಇನ್ನೊಂದು ಹಿಡಿ ತೆಗೆದುಕೊಂಡು ಹೊರಗೆ ಬಂದರು. ರಾನ್ ರೂಬಿಯ ಕೊರಳಪಟ್ಟಿ ಹಿಡಿದು ನಿಲ್ಲಿಸಿದರು. ಆಂಟಿ ಅದರ ತಲೆಯ ಮೇಲೆ ಮೂರು ಸುತ್ತು ನಿವಾಳಿಸಿದರು.

"ನಮ್ಮೆಲ್ಲರ ಕಣ್ಣು ಇದರ ಮೇಲೇ ಬಿದ್ದಿತ್ತಲ್ಲ," ಎಂದರು.

ಅವತ್ತಿನಿಂದ ಇವತ್ತಿನವರೆಗೆ, ಮೊಣಕಾಲಿಗೆ ಮಣ್ಣು ಹತ್ತುವ ಮೊದಲು ನಾನು ಯಾವ ಚೌಕಕ್ಕೂ ಟಿಕ್ ಹಾಕಿಲ್ಲ.