ಶಾಂಪೂ ಪಂಪಿನ ಬಿರಡೆ

ವಿದ್ಯಾನಗರದಲ್ಲಿ ನಾನು ಕಾರು ತೊಳೆಯುವ ವಾಟರ್ ಸರ್ವಿಸ್ ಹಾಕಿದಾಗ ನೀರಿಗೆ ಶಾಂಪೂ ಬೆರೆಸುವ ಪಂಪನ್ನು ಆರಿಸಿಕೊಟ್ಟವನು ನನ್ನ ಅಣ್ಣ. ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು; ಯಂತ್ರದ ವಿಷಯದಲ್ಲಿ ಅವನು ಹೇಳಿದ್ದೇ ವೇದವಾಕ್ಯ. ಅಂಗಡಿಯಲ್ಲಿ ಥಳಥಳ ಹೊಳೆಯುವ ಪಂಪುಗಳನ್ನೆಲ್ಲ ಬದಿಗೆ ಸರಿಸಿ, "ಬಣ್ಣ ನೋಡಿ ಮರುಳಾಗಬ್ಯಾಡ. ಒಳಗಿನ ವಾಷರ್ ಕೆಮಿಕಲ್ ತಡಕೊಳ್ತೈತೋ ಇಲ್ಲೋ, ಅದನ್ನ ನೋಡು" ಅಂದ. ಶಾಂಪೂ ಎಳೆಯುವ ಪೈಪಿನ ಬಾಯಿಗೆ ಸಾಸಿವೆಯಷ್ಟು ತೂತಿನ ಬಿರಡೆಯೊಂದನ್ನು ಸಿಕ್ಕಿಸಿ, "ಇದಿದ್ರೆ ಹದವಾಗಿ ಸೇರ್ತೈತೆ. ಇಲ್ಲಾಂದ್ರೆ ಬರೀ ಕೆಮಿಕಲ್ಲೇ ಸುರೀತೈತೆ" ಎಂದು ತೋರಿಸಿಕೊಟ್ಟ. ನನಗೆಷ್ಟು ಹೆಮ್ಮೆ! ಬಂದವರಿಗೆಲ್ಲ "ಪಂಪು ನಮ್ಮಣ್ಣ ನೋಡ್ಕೊಳ್ತಾನ್ರಿ" ಎಂದು ಕೊಚ್ಚಿಕೊಳ್ಳುತ್ತಿದ್ದೆ.

ತಿಂಗಳಿಗೊಮ್ಮೆ ಬಂದು ಪಂಪು ಬಿಚ್ಚಿ, ಪೈಪಿಗೆ ಬಿಸಿನೀರು ಹಾಯಿಸಿ, ವಾಷರ್ ಬದಲಿಸಿ ಹೋಗುತ್ತಿದ್ದ. ಬರಬರುತ್ತ ಶಾಂಪೂವನ್ನೂ ತಾನೇ ತಂದು ಮಾರತೊಡಗಿದ. ಮನೆಯವನೇ ತಾನೇ, ಒಳ್ಳೆಯದೇ ಆಯಿತು ಅಂದುಕೊಂಡೆ. ಆಮೇಲಿಂದ ಶಾಂಪೂ ಕ್ಯಾನು ಬೇಗ ಬೇಗ ಬರಿದಾಗತೊಡಗಿತು. ಬಟ್ಟೆ ಹಿಡಿದು ಕಾರು ಉಜ್ಜುವವಳು ನಾನೇ. ಬೆರಳುಗಳು ಒಡೆದು ರಕ್ತ ಜಿನುಗಿತು. ರೊಟ್ಟಿ ಬಡಿಯಲಾಗದೆ ಅಣ್ಣನಿಗೆ ಬರೀ ಅನ್ನ ಬಡಿಸಿದ ದಿನ ನನ್ನ ಕೈ ಹಿಡಿದು ನೋಡಿ, "ಅಯ್ಯೋ ತಂಗಿ, ಯಾವಾಗ್ಲೂ ನೀರಾಗೇ ಇರ್ತೀಯಲ್ಲ" ಎಂದು ಮರುಗಿದ. ಮುಂದಿನ ಸಲ ಮುಲಾಮು ತಂದ. ನನಗೆ ಕಣ್ತುಂಬಿ ಬಂತು.

ಒಂದು ಭಾನುವಾರ ಕಾರುಗಳು ಸಾಲಾಗಿ ನಿಂತಿದ್ದಾಗ ಪಂಪು ಶಾಂಪೂ ಎಳೆಯಲಿಲ್ಲ. ಅಣ್ಣ ಫೋನ್ ಎತ್ತಲಿಲ್ಲ. ಸರಿ, ನಾನೇ ಬಿಚ್ಚಿದೆ. ಪೈಪು ಸಡಿಲವಾಗಿತ್ತು, ಅಷ್ಟೇ. ಆದರೆ ಅದರ ಬಾಯಲ್ಲಿ ಬಿರಡೆಯೇ ಇರಲಿಲ್ಲ. ಅಲ್ಲಿಯವರೆಗೆ ಆ ಪಂಪನ್ನು ಅವನು ಬಿಟ್ಟರೆ ಬೇರೆ ಯಾರೂ ಬಿಚ್ಚಿರಲಿಲ್ಲ.

ಬಂದ ಕೂಡಲೇ ಕೇಳಿದೆ. ನಕ್ಕುಬಿಟ್ಟ. "ಶಾಂಪೂ ಖರ್ಚಾಗದಿದ್ರೆ ನನ್ನ ವ್ಯಾಪಾರ ಹೆಂಗೆ ನಡೀಬೇಕವ್ವ?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು! "ನನ್ನ ಕೈ ಹಿಡಿದು ನೋಡಿದ್ಯಲ್ಲಣ್ಣ! ಮುಲಾಮು ಬ್ಯಾರೆ ತಂದ್ಯಲ್ಲ!" ಎಂದು ಅರಚಿದೆ.

ಅವನು ನನ್ನನ್ನು ಸಮಾಧಾನ ಮಾಡಲೆಂದೇ ದನಿ ತಗ್ಗಿಸಿದ. "ಯಾಕ ಇಷ್ಟು ಉರ್ಕೊಳ್ತೀ? ನಿನಗೊಬ್ಬಾಕಿಗೇ ಮಾಡಿದ್ದಲ್ಲ. ನನ್ನ ಗಿರಾಕಿಗಳಿಗೆಲ್ಲ ಹಿಂಗೇ ಮಾಡ್ತೀನಿ."

ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಎಂದಿನಂತೆ ಬಂದ. ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ: "ಗಿರಾಕಿಗಳನ್ನೆಲ್ಲ ಪಂಚಮಿಗೆ ಕರೀತೀಯೇನು?"

ಆ ವರ್ಷ ನಾನು ತವರಿಗೆ ಹೋಗಲಿಲ್ಲ.