‘ಕರಡಿಯಲ್ಲ’ ಎಂದು ಒತ್ತಿದವನು

ಗಾದಿಲಿಂಗಪ್ಪ ಕಳೆದ ಮಂಗಳವಾರ ಬೆಳಿಗ್ಗೆ ಹೊಸಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡ. ಐವತ್ತೇಳು ವರ್ಷ. ಹೃದಯದ ತೊಂದರೆ ಎಂದು ಸೇರಿಸಿ ಆರು ದಿನವಾಗಿತ್ತು.

ಏಳನೇ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಮುಂದೆ ಓದಿ ಕಂಪ್ಲಿಯಲ್ಲಿ ಮಾಸ್ತರನಾದೆ. ಅವನು ಊರ ಬಾಳೆತೋಟಗಳ ಕಾವಲಿಗೆ ನಿಂತ. ನಮ್ಮದು ಗುಡ್ಡದ ಸೆರಗಿನ ಊರು. ಸಂಜೆ ಬಂಡೆಗಳ ನಡುವಿನಿಂದ ಇಳಿಯುವ ಕರಡಿಗಳು ಬೆಳಕು ಹರಿಯುವಾಗ ಮರಳುತ್ತವೆ. ಹೆಂಗಸರು ಕೂಲಿಗೆ ಹೊರಡುವುದೂ ಅದೇ ಹೊತ್ತಿಗೆ. ಗಾದಿಲಿಂಗಪ್ಪ ಅವರಿಗಿಂತ ಮೊದಲು ಎದ್ದು, ದಾರಿಯ ಮಣ್ಣಿನಲ್ಲಿ ಹೆಜ್ಜೆ ಹುಡುಕಿ, ಹಳ್ಳದ ದಂಡೆಗೆ ನಿಂತು “ದಾರಿ ಖಾಲಿ ಐತಿ, ಬರ್ರೆವ್ವಾ” ಎಂದು ಕೂಗುತ್ತಿದ್ದ. ಆ ಕೂಗು ಕೇಳದೆ ಯಾರೂ ಹಳ್ಳ ದಾಟುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬೆಳೆಗಾರರ ಸಂಘದವರು ಹೊರಗಿನ ಒಂದು ಕಂಪನಿಯಿಂದ ಹಳ್ಳದಾಚೆಯ ದಾರಿಗೆ ಕ್ಯಾಮೆರಾ ಹಾಕಿಸಿದರು. ಎದುರಿಗೆ ಬಂದದ್ದು ಕರಡಿಯೋ ಅಲ್ಲವೋ ಎಂದು ಅದರ ಕೃತಕ ಬುದ್ಧಿಮತ್ತೆಯೇ ತೀರ್ಮಾನಿಸಿ ಸೈರನ್ ಊದುತ್ತಿತ್ತು. ಸಂಘದ ಪರವಾಗಿ ಕಾಗದಪತ್ರ ಬರೆದವನು ನಾನೇ.

ಮಳೆ ಹಿಡಿದಾಗ ತೊಂದರೆ ಶುರುವಾಯಿತು. ಹನಿ ಬಿದ್ದರೆ ನಮ್ಮವರು ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುತ್ತಾರೆ. ಹಾಗೆ ಬಗ್ಗಿ ನಡೆಯುವ ಹೆಂಗಸು ಆ ಯಂತ್ರಕ್ಕೆ ಕರಡಿಯಾಗಿ ಕಂಡಳು. ಕಂಬಳಿ ಕೊಪ್ಪೆ ಎಂದರೇನೆಂದು ಅದಕ್ಕೆ ಕಲಿಸಿದವರಿರಲಿಲ್ಲ. ಒಂದೇ ದಿನದಲ್ಲಿ ಹದಿನೇಳು ಸಲ ಊದಿತು.

“ಕರೆಮ್ಮತ್ತಿ, ಇವತ್ತು ಎಷ್ಟು ಸಲ ಕರಡಿ ಆದಿ?” ಎಂದು ಹುಲುಗಮ್ಮ ತನ್ನ ಜೊತೆ ಕೂಲಿಗೆ ಹೋಗುವ ಕರೆಮ್ಮನನ್ನು ಕೆಣಕುತ್ತಿದ್ದಳು.

“ನಾಕು. ನನ್ನ ಗಂಡ ಇಪ್ಪತ್ತು ವರ್ಷದಿಂದ ಅದನ್ನ ಹೇಳ್ತಿದ್ದ. ಮಿಷನ್ನಿಗೆ ಈಗ ಗೊತ್ತಾತು.”

ನಗುತ್ತ ನಗುತ್ತಲೇ, ಸೈರನ್ ಕೇಳಿದರೂ ಯಾರೂ ನಿಲ್ಲದಂತಾದರು.

ಸಭೆಯಲ್ಲಿ ಪರಿಹಾರ ಹೇಳಿದವನೂ ನಾನೇ. ಚಿತ್ರ ಮೊದಲು ಗಾದಿಲಿಂಗಪ್ಪನ ಫೋನಿಗೆ ಬರಲಿ, ಅವನು ಹೌದೆಂದು ಒತ್ತಿದರೆ ಮಾತ್ರ ಊದಲಿ ಎಂದೆ. ನಡುವೆ ಮನುಷ್ಯನ ಕಣ್ಣು ಇರಬೇಕು ಎಂದು ಓದಿದ್ದೆ. ಒಬ್ಬನ ಕಣ್ಣು ಎಷ್ಟು ಹೊತ್ತು ಎಚ್ಚರ ಇರಬಲ್ಲದು ಎಂದು ಯೋಚಿಸಲಿಲ್ಲ. ಮಣ್ಣು ನೋಡಲು ಬಗ್ಗಿದಾಗ ಚಿತ್ರ ಬಂದುಬಿಟ್ಟರೆ ಎಂದು ಹೆದರಿ ಅವನು ಹಳ್ಳಕ್ಕೆ ಹೋಗುವುದನ್ನೇ ಬಿಟ್ಟ. ಮಳೆ ಜೋರಾದಂತೆ ದಿನಕ್ಕೆ ಮೂವತ್ತು ನಲವತ್ತು ಚಿತ್ರ ಬರುತ್ತಿದ್ದವು. ಹೆಚ್ಚುಕಡಿಮೆ ಎಲ್ಲವೂ ಕಂಬಳಿ.

ಶ್ರಾವಣದ ಒಂದು ಬೆಳಿಗ್ಗೆ ಕರಿ ಬೆನ್ನೊಂದರ ಚಿತ್ರ ಬಂತು. ಕರೆಮ್ಮ ದಿನಾ ನಡೆಯುವ ದಾರಿ, ದಿನಾ ಹೋಗುವ ಹೊತ್ತು. ‘ಕರಡಿಯಲ್ಲ’ ಎಂದು ಒತ್ತಿದ. ಕರೆಮ್ಮ ಆಗಿನ್ನೂ ಹಳ್ಳದ ಈಚೆಗಿದ್ದಳು. ದಾಟಿದ ಕೂಡಲೇ ಕರಡಿ ಮೈಮೇಲೆ ಬಂತು. ಜೀವ ಉಳಿಯಿತು, ಎಡಗಣ್ಣು ಹೋಯಿತು.

ಕರೆಮ್ಮ ಆಸ್ಪತ್ರೆಯಿಂದ ಮರಳಿದ ಮೇಲೆ ಕರೆದ ಸಭೆಗೆ ಕಂಪನಿಯವರು ಬಂದು, ಯಂತ್ರ ಸರಿಯಾಗಿಯೇ ಗುರುತಿಸಿತ್ತು, ತಪ್ಪು ನಿಮ್ಮವನದು, ಇನ್ನು ನಡುವೆ ಯಾರೂ ಬೇಡ ಎಂದರು. ಊರಿನ ಅರ್ಧ ಜನ ಕ್ಯಾಮೆರಾ ಕಿತ್ತು ಬಿಸಾಕಿ ಎಂದರು. ಅವನ ಪರ ಮಾತಾಡಲು ನಾನು ಎದ್ದೆ.

“ಕುಂದ್ರಲೇ ತಿಪ್ಪೇಶ,” ಎಂದ ಗಾದಿಲಿಂಗಪ್ಪ. ಆ ಚಿತ್ರವನ್ನು ತೆರೆದು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಹೋದ. ಕೊನೆಗೆ ಕರೆಮ್ಮನ ಮುಂದೆ ನಿಂತ.

“ಇದನ್ನ ನೀನೇ ಅಂತ ನಾನು ಅಂದ್ಕೊಂಡೆವ್ವ. ನೋಡಿ ಒತ್ತಲಿಲ್ಲ. ರೂಢಿ ಮ್ಯಾಲೆ ಒತ್ತಿದೆ.”

ಅವಳು ಉಳಿದ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. “ನನ್ನ ಬೆನ್ನು ಇಷ್ಟು ಅಗಲ ಇಲ್ಲಪ್ಪ,” ಎಂದಳು.

ಅವನು ಸಂಘದವರ ಕಡೆ ತಿರುಗಿದ. “ಮಿಷನ್ ಇರ್ಲಿರಿ. ಅದು ಕರಡಿ ಕಂಡಿತ್ತು, ಸುಳ್ಳು ಹೇಳಬಾರ್ದು. ಆದ್ರ ಒಬ್ಬನ ಕೈಯಾಗ ಕೊಡಬ್ಯಾಡ್ರಿ. ಆ ದಾರ್ಯಾಗ ನಡಿಯೋರೇ ಇಬ್ಬಿಬ್ಬರು ನೋಡ್ಲಿ. ಸುಳ್ಳು ಊದಿದ್ರ ಯಾಕ ಊದಿತು ಅಂತ ಸಂಜಿಗೆ ಊರಿಗೆ ಹೇಳ್ರಿ. ಕಂಬಳಿ ಅಂದ್ರೇನು ಅಂತ ಅದಕ್ಕೂ ಕಲಿಸ್ರಿ.”

ಇಷ್ಟಕ್ಕೆ ಕಂಪನಿಯವರು ಒಪ್ಪಲು ಏಳು ತಿಂಗಳು ಹಿಡಿಯಿತು. ಯಂತ್ರಕ್ಕೆ ಕಲಿಸಲೆಂದು ಹೆಂಗಸರು ಕಂಬಳಿ ಹೊದ್ದು ಕ್ಯಾಮೆರಾದ ಮುಂದೆ ನಡೆದರು. ಕರೆಮ್ಮ ಬರಲಿಲ್ಲ. ಅವಳನ್ನು ಕರೆಯಲು ಗಾದಿಲಿಂಗಪ್ಪನಿಗೆ ಬಾಯಿ ಬರಲಿಲ್ಲ. ಹುಲುಗಮ್ಮ ಮತ್ತು ಇನ್ನು ಮೂವರು ಸರದಿಯ ಮೇಲೆ ಚಿತ್ರ ನೋಡಲು ಕಲಿತರು. ಒಬ್ಬಳು ಹೌದು, ಇನ್ನೊಬ್ಬಳು ಅಲ್ಲ ಎಂದು ಒತ್ತಿದರೆ ಮಾತ್ರ ಅದು ತೀರ್ಮಾನಕ್ಕೆ ಗಾದಿಲಿಂಗಪ್ಪನಿಗೆ ಹೋಗುತ್ತಿತ್ತು. ಆದರೂ ಅವನು ಇಬ್ಬರೂ ಒಪ್ಪಿದ ಚಿತ್ರಗಳನ್ನೂ ಬಿಡದೆ ಒಂದೊಂದಾಗಿ ತೆಗೆದು ನೋಡುತ್ತಿದ್ದ. ನಿದ್ದೆ ಕೆಟ್ಟಿತು, ತೂಕ ಇಳಿಯಿತು.

“ಆಗಿದ್ದು ಆತು, ಬಿಡೋ ಇನ್ನ,” ಎಂದೆ ಒಮ್ಮೆ.

“ಬಿಡು ಅನ್ನಾಕ ನಿನಗ ಸಲೀಸು. ನೀನು ಒತ್ತಿಲ್ಲ.”

ನಿಜ, ನಾನು ಒತ್ತಿರಲಿಲ್ಲ. ಒತ್ತುವುದನ್ನು ಅವನ ಕೈಗೆ ಕೊಟ್ಟಿದ್ದೆ. ಸಂಘದ ಯಾವ ಕಾಗದದಲ್ಲೂ ಅದು ತಪ್ಪೆಂದು ದಾಖಲಾಗಿಲ್ಲ. ಅವನ ರಕ್ತನಾಳ ಕಟ್ಟಿತ್ತು ಎಂದು ಡಾಕ್ಟರು ಹೇಳುತ್ತಾರೆ. ಇರಬಹುದು.

ಮಂಗಳವಾರ ಆರು ಗಂಟೆಗೆ ನಾನು ಅವನ ಮಂಚದ ಪಕ್ಕದಲ್ಲಿದ್ದೆ. ದಿಂಬಿನ ಕೆಳಗೆ ಫೋನು ಸದ್ದು ಮಾಡಿತು. ಹುಲುಗಮ್ಮ ಕರಡಿ ಎಂದು ಒತ್ತಿದ್ದಳು, ಜೊತೆಯವಳು ಅಲ್ಲ ಎಂದಿದ್ದಳು. ಅವನು ಕನ್ನಡಕ ಕೇಳಿದ. ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸಿ ನೋಡಿದ. ಮಂಜು, ಬಾಳೆಯೆಲೆ, ಒಂದು ಕಪ್ಪು ಆಕಾರ. ಫೋನು ನನ್ನ ಕೈಗೆ ಕೊಟ್ಟು, ಆಮ್ಲಜನಕದ ಮಾಸ್ಕ್ ಸರಿಸಿ, “ನಿನಗೇನ ಕಾಣ್ತೈತಿ?” ಎಂದ.

“ಕಂಬಳಿ ಅನಸ್ತೈತಿ.”

“ಕಾಣ್ತೈತೇನು?”

ನಾನು ಮತ್ತೆ ನೋಡಿದೆ. “ಇಲ್ಲ,” ಎಂದೆ.

ಅವನು ಫೋನು ಕಸಿದುಕೊಂಡು ಸೈರನ್ ಒತ್ತಿದ.